ಎಳೆ ಕಡಿದ ಸದ್ದು

"ಮತ್ತೆ ಎಳೆ ಕಡೀತು. ಅವಳು ನಿಲ್ಲಿಸ್ಲೇ ಇಲ್ಲ ನೋಡು," ಎನ್ನುತ್ತಾ ವೆಂಕಟಪ್ಪ ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟರು.

ಈಶ್ವರಮ್ಮ ಕಿವಿಗೊಟ್ಟರು. ಮೊಳಕಾಲ್ಮೂರಿನ ಮನೆಯಲ್ಲಿ ಸೊಸೆ ಪದ್ಮಶ್ರೀ ನೇಯುತ್ತಿದ್ದ ಮಗ್ಗದ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೆ ಎಳೆ ಕಡಿದಂತೆ ಸಣ್ಣಗೆ ‘ಟಿಕ್’ ಎಂದಿತು. ಮಗ್ಗ ನಡೆದೇ ಇತ್ತು. ಸೊಂಟ ಮುರಿದುಕೊಂಡು ಚಳ್ಳಕೆರೆಯ ಮಗಳ ಮನೆಯಲ್ಲಿ ಮಲಗಿದ ಮೇಲೆ ವೆಂಕಟಪ್ಪನವರಿಗೆ ಇದನ್ನು ಕೇಳುವುದೇ ಕೆಲಸ. ಮೊಬೈಲು ಮಗ್ಗದ ಸದ್ದನ್ನು ಗಲಾಟೆಯೆಂದು ಅಳಿಸಿಬಿಡುತ್ತದೆ. ಹಾಗಾಗಿ ಹಳೆಯ ಫೋನೇ ಬೇಕಾಯಿತು. ಸೊಸೆ ಬೆಳಿಗ್ಗೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿಯುವ ಮುಂಚೆ, ರಿಸೀವರನ್ನು ದಿಂಬಿನ ಮೇಲೆ ಮಲಗಿಸುತ್ತಿದ್ದಳು, ಮಾವ ಕೇಳಲಿ ಎಂದು. ಅವಳೇ ಜವಾಬ್ದಾರಿ ಹೊತ್ತು ನೇಯುತ್ತಿದ್ದ ಮೊದಲ ರೇಷ್ಮೆ ಸೀರೆ ಅದು.

ಕಡಿದ ಎಳೆಗೆ ಗಂಟು ಹಾಕದೆ ಮುಂದೆ ಹೋದರೆ ಸೀರೆಯಲ್ಲಿ ಗೆರೆ ಬೀಳುತ್ತದೆ. ಸೋಮವಾರದಿಂದ ಮಗ್ಗವನ್ನು ಅಲ್ಲಿಯೇ ಪಕ್ಕದ ಬೀದಿಯ ನೇಕಾರ ಯರ್ರಪ್ಪನ ಕೈಗೆ ಕೊಡುವುದೆಂದು ವೆಂಕಟಪ್ಪ ತೀರ್ಮಾನಿಸಿಬಿಟ್ಟಿದ್ದರು.

ಮಾವ ನಿದ್ದೆ ಹೋದಾಗ ಪದ್ಮಶ್ರೀ ಫೋನಿನಲ್ಲಿ ಅತ್ತೆಯ ಹತ್ತಿರ ಮಾತ್ರ ಹೇಳಿಕೊಂಡಳು. "ಅತ್ತಮ್ಮ, ನಾನು ಮಗ್ಗ ಬಿಟ್ಟು ಸುಮ್ನೆ ಕೂತಾಗ್ಲೂ ಫೋನಲ್ಲಿ ಟಿಕ್ ಅಂತೈತೆ. ಮಾವಯ್ಯಂಗೆ ಹೇಳಿದ್ರೆ ನೆಪ ಅಂತಾರೆ."

ಈಶ್ವರಮ್ಮ ಗಂಡನಿಗೆ ತಿಳಿಸದೆ ಟೆಲಿಫೋನ್ ಆಫೀಸಿಗೆ ಹೋಗಿ ಬಂದರು. ಸಂಜೆ ಅಲ್ಲಿ ಲೈನು ನೋಡಿಕೊಳ್ಳುವ ನಾಗರತ್ನ ಮನೆಗೇ ಬಂದಳು. ವೆಂಕಟಪ್ಪ ಮಂಚದಿಂದ ಕೈಚಾಚಿ ಫೋನು ಎಳೆದುಕೊಳ್ಳುವುದನ್ನು ಕಂಡು, ಯಾರೂ ಕೇಳದಿದ್ದರೂ ಚೀಲದಿಂದ ಉದ್ದನೆಯ ವೈರು ತೆಗೆದು ಜೋಡಿಸಿದಳು. ಆಮೇಲೆ ವಿಷಯ ಬಿಡಿಸಿ ಹೇಳಿದಳು. ಎಕ್ಸ್‌ಚೇಂಜಿನಲ್ಲಿ ಮಾತು ಚೂರುಚೂರಾಗಿ ಗಡಿಯಾರದ ಲೆಕ್ಕಕ್ಕೆ ಸಾಗುತ್ತದಂತೆ. ಮೊಳಕಾಲ್ಮೂರಿನ ಸಣ್ಣ ಎಕ್ಸ್‌ಚೇಂಜು ದೊಡ್ಡದರ ಗಡಿಯಾರವನ್ನು ಅನುಸರಿಸಬೇಕು. ಮೊನ್ನೆಯ ಸಿಡಿಲಿಗೆ ಆ ಲೆಕ್ಕ ತಲುಪುವ ದಾರಿ ಕೆಟ್ಟು, ಸಣ್ಣದು ತನ್ನದೇ ಗಡಿಯಾರ ನಂಬಿ ಓಡುತ್ತಿದೆ. ಎರಡರ ಹೆಜ್ಜೆ ತಪ್ಪಿ ಆಗಾಗ ಒಂದು ಚೂರು ಬಿದ್ದುಹೋಗುತ್ತದೆ. ಆಗ ಟಿಕ್ ಎನ್ನುತ್ತದೆ.

"ಅಂದ್ರೆ, ಇವರು ನೇಯೋವಾಗ ನಾನು ಪಕ್ಕದಲ್ಲಿ ಕೂತು ಅಂಚಿನ ಲಾಳಿ ಹಾಕೋವಾಗ ಇವರ ಕೈ ನೋಡ್ದೆ ನನ್ನ ಪಾಡಿಗೆ ಹಾಕ್ದಂಗೆ," ಎಂದರು ಈಶ್ವರಮ್ಮ.

"ಹಂಗೆ ಹಾಕಿದ್ದೂ ಐತೆ," ಎಂದರು ವೆಂಕಟಪ್ಪ. ನಾಗರತ್ನ ನಕ್ಕಳು. ವೆಂಕಟಪ್ಪ ನಗಲಿಲ್ಲ. "ಸದ್ದು ಫೋನಿಂದೇ ಇರ್ಲಮ್ಮ. ನಿಜವಾಗ್ಲೂ ಎಳೆ ಕಡಿದ್ರೆ ಅವಳು ನಿಲ್ಲಿಸ್ತಾಳೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ನಾಗರತ್ನ ಲೈನನ್ನು ಬೇಗ ಸರಿಮಾಡಿಸುತ್ತೇವೆಂದು ಹೇಳಿ, ಕಾಫಿ ಕುಡಿದು ಹೊರಟಳು.

ಶನಿವಾರ ಬೆಳಿಗ್ಗೆ ಟಿಕ್ ಇರಲಿಲ್ಲ. ಮಗ್ಗ ಒಂದೇ ಸಮನೆ ನಡೆಯುತ್ತಿತ್ತು. ಈಶ್ವರಮ್ಮ ರಿಸೀವರನ್ನು ಇಬ್ಬರ ಕಿವಿಗೂ ಕೇಳುವಂತೆ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ ಮಗ್ಗ ನಿಂತಿತು. ಏನೂ ಸದ್ದಾಗಿರಲಿಲ್ಲ, ನಿಂತಿತು, ಅಷ್ಟೆ.

ದೂರದಿಂದ ಪದ್ಮಶ್ರೀಯ ದನಿ ಬಂತು. "ಎಳೆ ಕಡೀತು ಮಾವಯ್ಯ. ಇರ್ರಿ, ಗಂಟು ಹಾಕ್ತೀನಿ."

ವೆಂಕಟಪ್ಪನವರ ಬೆರಳುಗಳು ತಾವಾಗಿಯೇ ಹೆಗಲ ಟವೆಲಿನ ಅಂಚಿನಿಂದ ಎರಡು ಎಳೆ ಹೆಕ್ಕಿ ಹೊಸೆಯತೊಡಗಿದವು. ಇವರ ಗಂಟು ಬೀಳುವ ಮೊದಲೇ ಅತ್ತ ಮಗ್ಗ ಮತ್ತೆ ನಡೆಯಿತು.

ಅವರು ಅರ್ಧ ಹೊಸೆದ ಎಳೆಯನ್ನು ನೋಡಿಕೊಂಡರು. "ಯರ್ರಪ್ಪಂಗೆ ಬರೋದು ಬ್ಯಾಡ ಅಂತ ಫೋನ್ ಮಾಡು," ಎಂದರು. ಈಶ್ವರಮ್ಮ ರಿಸೀವರ್ ಇಡಲು ಹೋದಾಗ ವೆಂಕಟಪ್ಪ ಹೆಂಡತಿಯ ಕೈ ಹಿಡಿದುಕೊಂಡರು. "ಈಗ್ಲೇ ಅಲ್ಲ. ಇದು ಹಂಗೇ ಇರ್ಲಿ."