ಏಳನೇ ನಂಬರಿನ ಕಟ್ಟು

ಮಾರುಕಟ್ಟೆಯಿಂದ ಪರೀಕ್ಷೆಗೆ ಬಂದ ಇಪ್ಪತ್ತು ಸೊಪ್ಪಿನ ಕಟ್ಟುಗಳ ಮೇಲೆ ಹೆಸರಿರಲಿಲ್ಲ, ಬರೀ ನಂಬರು. ಯಾವುದು ಯಾರ ಅಂಗಡಿಯದ್ದೆಂದು ಪರೀಕ್ಷೆ ಮಾಡುವವರಿಗೆ ತಿಳಿಯಕೂಡದು, ಅದು ಪ್ರಯೋಗಾಲಯದ ನಿಯಮ. ಆದರೆ ಏಳನೆಯದನ್ನು ಕೈಗೆತ್ತಿಕೊಂಡ ಕೂಡಲೇ ಪರೀಕ್ಷಕಿಗೆ ಗುರುತು ಸಿಕ್ಕಿಬಿಟ್ಟಿತು. ನಾರನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ತೂರಿಸಿ ಬಿಗಿದ ಆ ಗಂಟನ್ನು ಇಡೀ ಮಾರುಕಟ್ಟೆಯಲ್ಲಿ ಹಾಕುವವಳು ಒಬ್ಬಳೇ. ಅವಳ ಅಮ್ಮ.

ಮರುದಿನ ಏಳನೇ ನಂಬರಿನ ಸೊಪ್ಪು ತೊಳೆದ ನೀರು ಹಾಕಿಟ್ಟಿದ್ದ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಸಾಸಿವೆ ಚೆಲ್ಲಿದ ಹಾಗೆ ಬ್ಯಾಕ್ಟೀರಿಯಾ ಬೆಳೆದು ಕೂತಿತ್ತು. ಚರಂಡಿ ನೀರಿನಲ್ಲಿ ಇರುವಂಥದ್ದು. ಹಸಿಯಾಗಿ ತಿಂದವರನ್ನು ಆಸ್ಪತ್ರೆಗೆ ಸೇರಿಸುವಂಥದ್ದು. ಅವಳು ನೇರ ಮೇಲಧಿಕಾರಿಯ ಮುಂದೆ ಹೋಗಿ ನಿಂತಳು.

"ಸಾರ್, ಏಳನೇದು ನಮ್ಮಮ್ಮಂದು. ಗಂಟು ನೋಡಿದ ಕೂಡಲೇ ಗೊತ್ತಾಯ್ತು. ನೀವೇ ಒಂದ್ಸಲ ತಟ್ಟೆ ನೋಡಿಬಿಡಿ."

ಅವರು ಕನ್ನಡಕ ಏರಿಸಿ ನೋಡಿದರು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮನುಷ್ಯ ಒಳ್ಳೆಯವರು, ದನಿ ತಗ್ಗಿಸಿದರು. "ಬೇಕಾದ್ರೆ ಇನ್ನೊಂದು ಕಟ್ಟು ತರಿಸೋಣಮ್ಮ. ಅಷ್ಟರಲ್ಲಿ ನೀನು ಮನೇಲಿ ಒಂದು ಮಾತು ಹೇಳಿರ್ತೀಯ."

"ಉಳಿದ ಹತ್ತೊಂಬತ್ತು ಜನಕ್ಕೆ ಇಲ್ಲದ್ದು ನಮ್ಮಮ್ಮಂಗೆ ಯಾಕೆ ಸಾರ್?" ಎಂದವಳೇ ವರದಿಗೆ ಸಹಿ ಹಾಕಿದಳು. ಸಂಜೆ ಅದರ ಪ್ರತಿ ಹಿಡಿದು ಅಮ್ಮನ ಅಂಗಡಿಗೆ ಹೋಗಿ ವಿಷಯ ಹೇಳಿದಳು.

"ನನ್ನ ಸೊಪ್ಪಲ್ಲಾ?" ಅಮ್ಮ ಕೆಂಡವಾದಳು. "ಮೂವತ್ತು ವರ್ಷದಿಂದ ಮಾರ್ತಿದೀನಿ. ಒಂದೇ ಒಂದು ಕೊಳೆತ ಎಲೆ ತೋರಿಸು ನೋಡೋಣ."

"ಎಲೆಯಲ್ಲಿ ಅಲ್ಲಮ್ಮ, ಟಬ್ಬಿನ ನೀರಲ್ಲಿ. ಬಾಡಬಾರದು ಅಂತ ಬೆಳಗಿಂದ ಸಂಜೆವರೆಗೆ ಅದೇ ನೀರಲ್ಲಿ ಅದ್ದಿ ಅದ್ದಿ ಇಡ್ತೀಯ. ಒಂದು ಕಟ್ಟಿನ ಕೊಳೆ ನೂರು ಕಟ್ಟಿಗೆ ಹತ್ತುತ್ತೆ."

ಅಮ್ಮ ಟಬ್ಬಿನತ್ತ ನೋಡಿದಳು. ಕಣ್ಣಿಗೆ ನೀರು ತಿಳಿಯಾಗಿಯೇ ಇತ್ತು. ಮಗಳ ಕೈಯಿಂದ ವರದಿಯನ್ನು ಕಿತ್ತುಕೊಂಡು ಸೆರಗಿನೊಳಗೆ ಸಿಕ್ಕಿಸಿಕೊಂಡಳು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನೀನೇ ಕಣೆ."

ರಾತ್ರಿ ಮಗಳು ಬಡಿಸಿದ್ದನ್ನು ಅಮ್ಮ ಉಂಡಳು, ಗೋಡೆ ಕಡೆ ತಿರುಗಿ ಮಲಗಿದಳು. ಮೂವತ್ತು ವರ್ಷದ ಹೆಸರನ್ನು ಒಂದು ಸಹಿಯಲ್ಲಿ ಮಣ್ಣುಪಾಲು ಮಾಡಿದೆನಲ್ಲ ಎಂದುಕೊಳ್ಳುತ್ತ ಮಗಳು ತನ್ನ ಊಟವನ್ನು ಹಾಗೇ ಮುಚ್ಚಿಟ್ಟಳು.

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮನಸ್ಸು ತಡೆಯದೆ ಮಾರುಕಟ್ಟೆಯ ದಾರಿ ಹಿಡಿದಳು. ಅಮ್ಮನ ಟಬ್ಬು ಅಂಗಡಿಯ ಹಿಂದೆ ಬೋರಲು ಬಿದ್ದಿತ್ತು. ಸೊಪ್ಪಿನ ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ನಲ್ಲಿಯಿಂದ ಆಗತಾನೇ ಹಿಡಿದ ಕೊಡ. ಮುಂದೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಆ ವರದಿಯೇ ತೂಗುತ್ತಿತ್ತು. ಯಾರೂ ತೂಗುಹಾಕೆಂದು ಹೇಳಿರಲಿಲ್ಲ.

ಹಳೆಯ ಗಿರಾಕಿಯೊಬ್ಬರು ಬಗ್ಗಿ ಓದಿ ಬೆರಗಾದರು. "ಏನಮ್ಮ ಇದು, ನಿನ್ನ ಸೊಪ್ಪು ಕೆಟ್ಟದಿತ್ತು ಅಂತ ನೀನೇ ಬೋರ್ಡು ಹಾಕ್ಕೊಂಡಿದೀಯ?"

ಅಮ್ಮ ನಾರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಮೇಲಿಂದೆಲ್ಲ ಓದಿದ್ರಿ ಸ್ವಾಮಿ, ಕೆಳಗಿನ ಸಹಿ ಬಿಟ್ಟುಬಿಟ್ರಿ. ಅದು ನನ್ನ ಮಗಳದು."