ಹರಿವಿನ ಸುಳಿವು

ಮೂತ್ರಪಿಂಡದ ನಾಳದಿಂದ ತೆಗೆದ ಜೀವಕೋಶಗಳು ಗಾಜಿನ ತಟ್ಟೆಗೆ ಅಂಟಿಕೊಂಡಿದ್ದವು. ಮೇಲೆ ತೆಳ್ಳಗೆ ದ್ರವ, ಅದನ್ನು ಹರಿಸಲು ಪಕ್ಕದಲ್ಲೊಂದು ಪುಟ್ಟ ಪಂಪ್. ಆ ದ್ರವ ಹರಿದರೆ ಕೋಶದ ಪೊರೆಯ ಪುಟ್ಟ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಅದು ತಾಗಿದರೆ ಬೆಳಗುವ ಬಣ್ಣ ತುಂಬಿಸಿಟ್ಟ ಕೋಶ ಹಸಿರಾಗಿ ಹೊಳೆಯುತ್ತದೆ ಎಂಬುದು ವಾರಿಜಾಳ ವಾದ. ಇವತ್ತು ಹೊಳೆಯದಿದ್ದರೆ ಪ್ರಯೋಗ ಮುಚ್ಚಿಸುತ್ತೇನೆ ಎಂದು ಹೇಳಿಯೇ ಪ್ರೊಫೆಸರ್ ನಂಜರಾಜಯ್ಯ ಬಂದಿದ್ದರು.

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ಕೂತದ್ದೇ ತಡ, ಬಲಗಾಲು ಕುಣಿಯತೊಡಗಿತು. ಮಂಡಿ ಮೇಜಿಗೆ ಟಕಟಕ ಬಡಿಯುತ್ತಿತ್ತು.

"ಸರ್, ಕಾಲು..."

"ಚಿಕ್ಕಂದಿನ ಚಾಳಿ ಕಣಮ್ಮ. ಮನೆಗೆ ದರಿದ್ರ ಅಂತ ನಮ್ಮಜ್ಜಿ ತೊಡೆಗೆ ಬಾರಿಸಿದರೂ ಹೋಗಲಿಲ್ಲ. ನೀನು ಪಂಪ್ ಹಾಕು."

ವಾರಿಜಾ ಪಂಪಿನ ಪ್ಲಗ್ ಹಿಡಿದು ಸಾಕೆಟ್ ಹುಡುಕಲು ಮೇಜಿನ ಕೆಳಗೆ ಬಗ್ಗಿದಳು.

"ಅರೆ, ಒಂದೊಂದಾಗಿ ಹೊಳೀತಿವೆ," ಎಂದರು ಪ್ರೊಫೆಸರ್. "ಒಪ್ಪಿದೆ ಕಣಮ್ಮ. ಪಂಪೂ ಚೆನ್ನಾಗಿದೆ, ಸದ್ದೇ ಇಲ್ಲ."

ಖುಷಿಗೆ ಅವರ ಕಾಲು ಕುಣಿಯುವುದನ್ನೇ ಮರೆತು ನಿಂತಿತು.

"ಅಯ್ಯೋ, ಎಲ್ಲ ಆರಿಹೋದವಲ್ಲ."

ವಾರಿಜಾ ಮೇಜಿನ ಕೆಳಗಿಂದಲೇ ಪ್ಲಗ್ ಎತ್ತಿ ತೋರಿಸಿದಳು.

"ಪಂಪ್ ಇನ್ನೂ ಹಾಕೇ ಇಲ್ಲ ಸರ್. ನೀವು ಕಾಲು ಕುಣಿಸಿ."