ಗಗನವೀರನ ರೆಕ್ಕೆ

ರಾಚಪ್ಪ ತೀರಿಕೊಂಡ ಸುದ್ದಿ ಬಂದ ದಿನ, ‘ಗಗನವೀರ ಪಡೆ, ಸೋಲಾಪುರ’ ಎಂಬ ವಾಟ್ಸಾಪ್ ಗುಂಪಿನಲ್ಲಿ ರೆಕ್ಕೆಯ ಜಗಳ ನಡೆದಿತ್ತು. ಗುಂಪಿನವರೆಲ್ಲ ನಲವತ್ತರ ಆಸುಪಾಸಿನವರು. ಚಿಕ್ಕಂದಿನಲ್ಲಿ ನವೀ ಪೇಠೆಯ ರಾಚಪ್ಪನ ಅಂಗಡಿಯಿಂದ ಒಯ್ದ ಗಗನವೀರನೆಂಬ ಗೊಂಬೆಯನ್ನು ಇಂದಿಗೂ ಕಪಾಟಿನಲ್ಲಿ ಜೋಪಾನ ಮಾಡಿದವರು. ಬೆನ್ನಿನ ಗುಂಡಿ ಒತ್ತಿದರೆ ಆ ಗೊಂಬೆಯ ಬಂಗಾರ ಬಣ್ಣದ ರೆಕ್ಕೆ ಟಪ್ಪೆಂದು ಬಿಚ್ಚಿಕೊಳ್ಳುತ್ತಿತ್ತು. ಮೂವತ್ತು ವರ್ಷದ ಮೇಲೆ ಕಂಪನಿ ಅದೇ ಹೆಸರಿನಲ್ಲಿ ಹೊಸ ಗೊಂಬೆ ಮಾಡಿ ಕಳಿಸಿತ್ತು. ಇದರ ರೆಕ್ಕೆ ಮೈಗೆ ಅಂಟಿಕೊಂಡೇ ಇತ್ತು, ಬಿಚ್ಚುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ಸೋಮೇಶ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಪ್ಲಾಸ್ಟಿಕ್ ಕಾರ್ಖಾನೆಯ ಸೂಪರ್‌ವೈಸರ್. ಹಿಂದಿನ ದಿನವೇ ಅಂಗಡಿಗೆ ಹೋಗಿ, ಹೊಸ ಡಬ್ಬಿಯನ್ನು ರಾಚಪ್ಪನ ಮುಂದೆ ಕುಕ್ಕಿ, “ಕಾಕಾ, ಇದೇನ ಗಗನವೀರ? ಕೋಳಿ ಐತಿ, ಕೋಳಿ! ಇಂಥಾದ್ದ ಮಾರಾಕ ನಿಮಗ ಮನಸರ ಹ್ಯಾಂಗ ಬರತೈತ್ರಿ?” ಎಂದು ಹತ್ತು ಜನರ ಎದುರು ಕೂಗಾಡಿ ಬಂದಿದ್ದ. ಬೆಳಿಗ್ಗೆ ಎದ್ದು ಅದನ್ನೇ ಗುಂಪಿನಲ್ಲಿ ಬರೆದು, “ಕಾಕಾಗೂ ಈಗ ನಾಚಿಕಿ ಉಳದಿಲ್ಲ” ಎಂದು ಸೇರಿಸಿದ. ಅದರ ಕೆಳಗೇ ರೂಪಾಲಿಯ ಸಾಲು ಬಂತು: “ರಾಚಪ್ಪ ಕಾಕಾ ನಸಕಿನ್ಯಾಗ ಹೋದರಂತ.” ಸೋಮೇಶ ತನ್ನ ಸಾಲನ್ನು ಅಳಿಸಿದ. ಅಳಿಸಿದ ಗುರುತು ಮಾತ್ರ ಅಲ್ಲೇ ಉಳಿಯಿತು.

ಮೂರನೆಯ ದಿನ ಕಂದಲಗಾಂವದ ಹೊಲದಲ್ಲಿ, ರಾಚಪ್ಪನನ್ನು ಮಣ್ಣು ಮಾಡಿದಲ್ಲಿ ಹಾಲು ತುಪ್ಪ ಬಿಟ್ಟು, ಹೋಳಿಗೆ, ಬದನೆಕಾಯಿ ಪಲ್ಯ ಮತ್ತು ಒಂದು ಕಪ್ ಚಹಾದ ಎಡೆ ಇಟ್ಟರು. ಗುಂಪಿನ ಹನ್ನೊಂದು ಮಂದಿ ಬಂದಿದ್ದರು. ಪ್ರತಿಯೊಬ್ಬರೂ ತಮ್ಮ ಹಳೆಯ ಗಗನವೀರನನ್ನು ತಂದು, ರೆಕ್ಕೆ ಬಿಚ್ಚಿ, ಎಡೆಯ ಸುತ್ತ ಕಾವಲಿನಂತೆ ನಿಲ್ಲಿಸಿ ಕೈಮುಗಿದರು. ಅವರಿಗೆ ತಿಳಿದ ಮರ್ಯಾದೆ ಅದು. ಆಮೇಲೆ ಎಲ್ಲರೂ ದೂರ ಸರಿದರು. ಕಾಗೆ ಮುಟ್ಟಿದರೆ ಹೋದ ಜೀವ ತೃಪ್ತವಾಯಿತೆಂದು ಲೆಕ್ಕ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ. ಇದ್ದವರು ಮಾತು ಕೊಟ್ಟು ಅದನ್ನು ತೀರಿಸಬೇಕು.

ಕಾಗೆ ಬೇವಿನ ಮರದಲ್ಲೇ ಕುಳಿತಿತ್ತು. ರಾಚಪ್ಪನ ತಮ್ಮ ಕಲ್ಯಾಣಪ್ಪ ಮುಂದೆ ಬಂದು, “ಅಣ್ಣಾ, ಶಾರದಾ ವೈನೀನ್ನ ನಾ ನೋಡಕೋತೀನಿ, ಕಾಳಜಿ ಬ್ಯಾಡ” ಎಂದ. ಕಾಗೆ ಕತ್ತು ಕೊಂಕಿಸಿತು, ಅಷ್ಟೆ. “ಅಂಗಡಿ ಮುಚ್ಚೂದಿಲ್ಲಣ್ಣಾ, ನಾನ ಕೂಡತೀನಿ” ಎಂದ. ಅದಕ್ಕೂ ಇಳಿಯಲಿಲ್ಲ. ಬಿಸಿಲು ಏರಿತು. ರಾಚಪ್ಪನ ಹೆಂಡತಿ ಶಾರದಾಬಾಯಿ ಬದುವಿನ ಮೇಲೆ ಮುಖಕ್ಕೆ ಸೆರಗು ಹಾಕಿಕೊಂಡು ಕುಳಿತಿದ್ದಳು. “ಏನ ಉಳದಿತ್ತೋ ಅವರ ಮನಸಿನ್ಯಾಗ” ಎಂಬ ಮಾತಷ್ಟೇ ಹೊರಗೆ ಕೇಳಿಸಿತು.

ಏನು ಉಳಿದಿದೆಯೆಂದು ಸೋಮೇಶನಿಗೆ ಗೊತ್ತಿತ್ತು. ಚಪ್ಪಲಿ ಬಿಟ್ಟು ಮುಂದೆ ಹೋದ. “ಕಾಕಾ, ನಂದ ತಪ್ಪಾತ್ರಿ. ಹೊಸಾ ಗಗನವೀರಗ ಇನ್ನ ಒಂದ ಮಾತೂ ಅನ್ನೂದಿಲ್ಲ. ನನ್ನ ಮಗಳಿಗೆ ಅದನ್ನ ಕೊಡಸ್ತೀನಿ.” ಕಾಗೆ ಹಾರಿ ಇನ್ನೂ ದೂರದ ಜಾಲಿಗಿಡಕ್ಕೆ ಹೋಯಿತು. “ಲೇ ಸೋಮ್ಯಾ, ಖೊಟ್ಟಿ ಮಾತ ಅದಕ್ಕೂ ತಿಳೀತೈತಿ” ಎಂದು ರೂಪಾಲಿ ಮೆಲ್ಲಗೆ ಅಂದಳು. ಅವಳೇನೋ ಚೇಷ್ಟೆಗೆ ಅಂದದ್ದು. ಸೋಮೇಶ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. “ನನ್ನ ಮ್ಯಾಲ ಸಿಟ್ಟ ಇಟಗೊಂಡ ಹೋಗ್ಯಾರ ಕಾಕೂ, ನನ್ನ ಮಾತಿಗೇ ಎದಿ ಒಡಕೊಂಡಾರ.”

ಶಾರದಾಬಾಯಿ ಸೆರಗು ತೆಗೆದಳು.

“ಹುಚ್ಚಪ್ಪಾ! ಅವತ್ತ ಮನೀಗಿ ಬಂದ ಒಂದ ರೊಟ್ಟಿ ಹೆಚ್ಚಿಗಿ ಉಂಡರು, ನಕ್ಕೋತ. ‘ಸೋಮ್ಯಾ ಬಂದಿದ್ದ’ ಅಂದರು. ‘ಒಂಬತ್ತ ವರ್ಷದಾಂವ ಇದ್ದಾಗ ಬಂಗಾರ ರೆಕ್ಕಿ ಗೊಂಬಿ ಹೊಸದಾಗಿ ಬಂದಿದ್ದಕ್ಕ, ಮೊದಲಿನ ಬೆಳ್ಳಿ ರೆಕ್ಕೀದ ಖರೇ ಗಗನವೀರ, ಇದು ಕಾಗಿ ಐತಿ ಅಂತ ಅಂಗಡಿ ಕಟ್ಟಿ ಮ್ಯಾಲ ಹೊಳ್ಳ್ಯಾಡಿ ಅತ್ತಿದ್ದ. ಇವತ್ತ ಅದ ಬಂಗಾರ ರೆಕ್ಕಿ ಸಲುವಾಗಿ ಜಗಳಾ ತಗದಾನ. ಈಗ ಒಯ್ಯೂ ಹುಡುಗ್ರೂ ಮುಂದ ಹಿಂಗ ಬಂದ ಬೈತಾವ. ದೇವರು ದೊಡ್ಡಾಂವ, ಶಾರದಾ. ನಾ ಮಾರಿದ್ದ ಯಾವದೂ ಇವರು ಮರತಿಲ್ಲ’ ಅಂದರು. ಹಂಗ ಮಲಕೊಂಡರು. ಸಿಟ್ಟ ಯಾವ್ದಪಾ ಅವರಿಗೆ?”

ಕಣ್ಣೊರೆಸಿಕೊಂಡು ಆಕೆ ಆಗಷ್ಟೇ ಎಡೆಯ ಕಡೆ ತಿರುಗಿ ನೋಡಿದಳು. “ಅಯ್ಯ ಶಿವನ! ಮೊದಲ ಆ ಗೊಂಬಿ ತಗೀರೋ! ಮಾಳಿಗಿ ಮ್ಯಾಲ ಸಂಡಗಿ ಒಣಾ ಹಾಕಿದಾಗ ಕಾಗಿ ಬರಬಾರದು ಅಂತ ಅವರು ಇದನ್ನ ನಿಲ್ಲಸ್ತಿದ್ದರು!”

ಅಳುತ್ತಿದ್ದ ಸೋಮೇಶನೇ ಮೊದಲು ನಕ್ಕ. ಹನ್ನೊಂದು ಮಂದಿ ಓಡಿಹೋಗಿ ತಮ್ಮ ತಮ್ಮ ವೀರರನ್ನು ಎತ್ತಿ, ರೆಕ್ಕೆ ಮಡಚಿ, ಚೀಲಕ್ಕೆ ಹಾಕಿಕೊಂಡರು. ಅವರು ಬದುವಿಗೆ ಮರಳುವಷ್ಟರಲ್ಲಿ ಕಾಗೆ ಇಳಿದು ಹೋಳಿಗೆಯ ಅಂಚು ಮುರಿದುಕೊಂಡಿತ್ತು. ಶಾರದಾಬಾಯಿ ಸೋಲಾಪುರದ ಸಿದ್ಧರಾಮನ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದಳು.

“ಸಿದ್ಧರಾಮಾ, ಯಾವ ಕೂಸಿನ್ನೂ ಅವರು ಅಳಿಸಿ ಕಳಿಸಿದವರಲ್ಲ. ನಿನ್ನ ಬಾಗಲಿಗೆ ಬಂದಾರ, ಒಳಗ ಕರಕೋ ತಂದಿ. ಅವರ ಜೀವಕ್ಕ ಶಾಂತಿ ಕೊಡು.”